ಪೈಥಾನ್‌ನಲ್ಲಿ ಇಂಪೋರ್ಟ್ ಎರರ್ ಬಂದಾಗ ನಾನು ಮೊದಲು ನೋಡೋದು

ಮಾಡ್ಯೂಲ್‌ನಾಟ್‌ಫೌಂಡ್‌ಎರರ್ (ಇಂಪೋರ್ಟ್ ಮಾಡಿದ ಮಾಡ್ಯೂಲ್ ಸಿಗಲಿಲ್ಲ ಅನ್ನೋ ಎರರ್) ಕಂಡ ತಕ್ಷಣ ತುಂಬಾ ಜನ ಮಾಡೋದು ಪಿಪ್ ಇನ್‌ಸ್ಟಾಲ್ (ಪಿಪ್ ಅಂದ್ರೆ ಪೈಥಾನ್ ಪ್ಯಾಕೇಜ್ ಹಾಕೋ ಸಾಧನ), ಅದು "ಆಗ್ಲೇ ಇದೆ" ಅನ್ನತ್ತೆ, ಸ್ಕ್ರಿಪ್ಟ್ ಮತ್ತೆ "ಇಲ್ಲ" ಅನ್ನತ್ತೆ, ಅಲ್ಲಿಂದ ತಲೆನೋವು ಶುರು. ಎರಡೂ ನಿಜಾನೇ ಹೇಳ್ತಿರ್ತವೆ. ಪಿಪ್ ಒಂದು ಪೈಥಾನ್‌ಗೆ ಸೇರಿದ್ದು, ಸ್ಕ್ರಿಪ್ಟ್ ಓಡಿಸ್ತಿರೋದು ಇನ್ನೊಂದು ಪೈಥಾನ್, ಇಬ್ಬರಿಗೂ ಬೇರೆ ಬೇರೆ ಸೈಟ್-ಪ್ಯಾಕೇಜಸ್ ಫೋಲ್ಡರ್, ಅಂದ್ರೆ ಹಾಕಿದ ಪ್ಯಾಕೇಜ್‌ಗಳು ಕೂರೋ ಜಾಗ. ಹಾಗಾಗಿ ಏನನ್ನೂ ಇನ್‌ಸ್ಟಾಲ್ ಮಾಡೋ ಮುಂಚೆ ನಾನು ಕೇಳೋದು ಒಂದೇ, ಈಗ ಓಡ್ತಿರೋದು ಯಾವ ಪೈಥಾನ್?

ನಮ್ಮಲ್ಲಿ ಬೆಳಗ್ಗೆ ಎಕ್ಸೆಲ್ ರಿಪೋರ್ಟ್ ಮಾಡೋ ಒಂದು ಸ್ಕ್ರಿಪ್ಟ್ ಇದೆ. ಟರ್ಮಿನಲ್‌ನಲ್ಲಿ ಓಡಿಸಿದ್ರೆ ಸಲೀಸಾಗಿ ಓಡ್ತಿತ್ತು, ಕ್ರಾನ್‌ಗೆ (ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸೋ ವ್ಯವಸ್ಥೆ) ಹಾಕಿದ್ರೆ ಎಕ್ಸೆಲ್ ಫೈಲ್‌ಗೆ ಬಳಸೋ ಓಪನ್‌ಪಿವೈಎಕ್ಸ್‌ಎಲ್ ಪ್ಯಾಕೇಜ್ ಇಲ್ಲ ಅಂತ ಲಾಗ್‌ನಲ್ಲಿ ಬರೋದು. ಸ್ಕ್ರಿಪ್ಟ್‌ನ ತಲೆಯಲ್ಲೇ, ಉಳಿದ ಇಂಪೋರ್ಟ್‌ಗಳಿಗಿಂತ ಮೇಲೆ, ಸಿಸ್ ಡಾಟ್ ಎಕ್ಸಿಕ್ಯೂಟಬಲ್ (ಓಡ್ತಿರೋ ಪೈಥಾನ್ ಎಲ್ಲಿದೆ) ಮತ್ತೆ ಸಿಸ್ ಡಾಟ್ ಪಾತ್ (ಮಾಡ್ಯೂಲ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಎರಡನ್ನೂ ಪ್ರಿಂಟ್ ಮಾಡಿಸ್ದೆ. ಟರ್ಮಿನಲ್‌ನಲ್ಲಿ ವೆನ್ವ್ (ಒಂದು ಪ್ರಾಜೆಕ್ಟ್‌ಗೇ ಅಂತ ಮಾಡ್ಕೊಂಡ ಪ್ರತ್ಯೇಕ ಪೈಥಾನ್ ಫೋಲ್ಡರ್) ಒಳಗಿನ ಪೈಥಾನ್ ಬಂತು, ಕ್ರಾನ್‌ನಲ್ಲಿ ಸಿಸ್ಟಮ್ ಪೈಥಾನ್. ಕ್ರಾನ್ ನಮ್ಮ ಬ್ಯಾಶ್‌ಆರ್‌ಸಿ ಫೈಲ್ (ಟರ್ಮಿನಲ್‌ನ ಸೆಟ್ಟಿಂಗ್ಸ್ ಇರೋದು) ಓದೋದೇ ಇಲ್ಲ, ಕ್ರಾನ್‌ನ ಪಾತ್, ಅಂದ್ರೆ ಕಮಾಂಡ್‌ಗಳನ್ನ ಹುಡುಕೋ ಫೋಲ್ಡರ್‌ಗಳ ಪಟ್ಟಿ, ಅದು ಕೂಡ ತೀರಾ ಚಿಕ್ಕದು. ವೆನ್ವ್‌ನ ಬಿನ್ ಫೋಲ್ಡರ್‌ನಲ್ಲಿರೋ ಪೈಥಾನ್‌ನ ಪೂರ್ತಿ ದಾರಿಯನ್ನೇ ಕ್ರಾನ್‌ಟ್ಯಾಬ್ (ಕ್ರಾನ್‌ನ ಕೆಲಸಗಳ ಪಟ್ಟಿ) ಸಾಲಿಗೆ ಬರೆದೆ, ಕೆಲಸ ಮುಗೀತು. ವೆನ್ವ್‌ನ ಆಕ್ಟಿವೇಟ್ ಮಾಡ್ಲೇಬೇಕು ಅಂತ ಸುಮಾರು ಜನ ಅಂದ್ಕೊಂಡಿದಾರೆ, ಬೇಕಾಗಿಲ್ಲ, ಅದು ಮುಖ್ಯವಾಗಿ ಪಾತ್‌ನ ಮುಂದುಗಡೆ ಆ ಬಿನ್ ಫೋಲ್ಡರ್ ಸೇರ್ಸತ್ತೆ ಅಷ್ಟೇ. ಇದೇ ಕಾರಣಕ್ಕೆ ನಾನು ಬರೀ ಪಿಪ್ ಅಂತ ಟೈಪ್ ಮಾಡಲ್ಲ, ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಅಂತಾನೇ ಮಾಡೋದು, ಆಗ ಯಾವ ಪೈಥಾನ್‌ಗೆ ಹೋಗ್ತಿದೆ ಅನ್ನೋದ್ರಲ್ಲಿ ಅನುಮಾನ ಇರಲ್ಲ.

ಉಬುಂಟು 23.04, ಡೆಬಿಯನ್ 12 ಇವುಗಳಿಂದ ಈಚೆಗೆ ಸಿಸ್ಟಮ್ ಪೈಥಾನ್‌ಗೆ ಪಿಪ್‌ನಿಂದ ಹಾಕೋಕೆ ಹೋದ್ರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" (ಇದನ್ನ ನೋಡ್ಕೊಳ್ಳೋದು ಪಿಪ್ ಅಲ್ಲ, ಸಿಸ್ಟಮ್) ಅಂತ ತಡೆಯತ್ತೆ. ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ ಆಪ್ಷನ್ ಕೊಟ್ಟು ನುಗ್ಗಬೇಡಿ ದಯವಿಟ್ಟು, ವೆನ್ವ್ ಮಾಡ್ಕೊಳ್ಳಿ.

ಇನ್ನೊಂದು ಕೇಸ್ ಇದಕ್ಕಿಂತ ಚೆನ್ನಾಗಿತ್ತು. ನಮ್ಮ ಟೀಮ್‌ನ ಹುಡುಗಿಯೊಬ್ಳು ಕರೆದು ತೋರಿಸಿದ್ಲು, ವೆಬ್‌ನಿಂದ ಡೇಟಾ ತರೋ ರಿಕ್ವೆಸ್ಟ್ಸ್ ಪ್ಯಾಕೇಜ್ ಇಂಪೋರ್ಟ್ ಮಾಡಿದ್ರೆ "ಇಮೇಲ್ ಡಾಟ್ ಪಾರ್ಸರ್ ಇಲ್ಲ, ಇಮೇಲ್ ಪ್ಯಾಕೇಜ್ ಅಲ್ಲ" ಅನ್ನೋ ಅರ್ಥದ ಎರರ್. ಎಲ್ಲಿಯ ರಿಕ್ವೆಸ್ಟ್ಸ್, ಎಲ್ಲಿಯ ಇಮೇಲ್? ಆ ಎರರ್‌ನ ಕೊನೇ ಅರ್ಧದಲ್ಲೇ ಉತ್ತರ ಇದೆ. ಪೈಥಾನ್ ಜೊತೆಗೇ ಬರೋ ಇಮೇಲ್ ಅನ್ನೋದು ಪ್ಯಾಕೇಜೇ (ಹಲವು ಮಾಡ್ಯೂಲ್ ಇರೋ ಫೋಲ್ಡರ್), ಅದು ಪ್ಯಾಕೇಜ್ ಅಲ್ಲ ಅಂದ್ರೆ ಸಿಕ್ಕಿರೋದು ಬೇರೆ ಯಾವ್ದೋ ಇಮೇಲ್. ಬರೀ ಇಂಪೋರ್ಟ್ ಇಮೇಲ್ ಅಂತ ಕೊಟ್ಟು ಅದರ ಫೈಲ್ ಹೆಸರು ಪ್ರಿಂಟ್ ಮಾಡಿಸಿದ್ವಿ, ಅದೇ ಫೋಲ್ಡರ್‌ನಲ್ಲಿದ್ದ ಇಮೇಲ್ ಡಾಟ್ ಪಿವೈ ಬಂತು, ಮೇಲ್ ಕಳ್ಸೋಕೆ ಯಾರೋ ಬರೆದಿದ್ದು. ಸ್ಕ್ರಿಪ್ಟ್ ಇರೋ ಫೋಲ್ಡರ್ ಸಿಸ್ ಡಾಟ್ ಪಾತ್‌ನಲ್ಲಿ ಮೊದಲನೇದು, ಅದಕ್ಕೇ ಮನೆಯ ಫೈಲ್ ಗೆಲ್ಲತ್ತೆ. ಹೆಸರು ಬದಲಾಯಿಸಿದ್ವಿ, ಹೋಯ್ತು. ಪೈಕ್ಯಾಶ್ (ಪೈಥಾನ್ ತಾನೇ ಕಂಪೈಲ್ ಮಾಡಿ ಇಟ್ಕೊಳ್ಳೋ ಫೈಲ್‌ಗಳ ಫೋಲ್ಡರ್) ಅಳಿಸೋದೇನೂ ಬೇಕಿಲ್ಲ, ಹಳೇ ಕಂಪೈಲ್ ಆದ ಫೈಲ್ ಉಳಿದು ಕಾಡೋ ಆ ಕಾಟ ಪೈಥಾನ್ 2 ಕಾಲದ್ದು. ರ‍್ಯಾಂಡಮ್, ಟೋಕನ್ ಅಂತ ಫೈಲ್‌ಗೆ ಹೆಸರಿಡೋರಿಗೂ ಇದೇ ಗತಿ.

ಪಿಪ್‌ನಲ್ಲಿ ಹಾಕೋ ಹೆಸರೇ ಒಂದು, ಇಂಪೋರ್ಟ್‌ನಲ್ಲಿ ಕರೆಯೋ ಹೆಸರೇ ಒಂದು ಇರೋ ಪ್ಯಾಕೇಜ್‌ಗಳೂ ಇದಾವೆ. ಪಿಲ್ಲೋ ಹಾಕಿ ಪಿಐಎಲ್ ಅಂತ ಕರೀಬೇಕು, ಓಪನ್‌ಸಿವಿ-ಪೈಥಾನ್ ಹಾಕಿ ಸಿವಿ2, ಸೈಕಿಟ್-ಲರ್ನ್ ಹಾಕಿ ಎಸ್‌ಕೆಲರ್ನ್. ಹಳೇ ಕೋಡ್ ಆದ್ರೆ ವರ್ಷನ್ ನೋಡಿ, ಪೈಥಾನ್ 3.12 ರಲ್ಲಿ ಡಿಸ್ಟ್‌ಯುಟಿಲ್ಸ್ (ಪ್ಯಾಕೇಜ್ ಕಟ್ಟೋಕೆ ಬಳಸ್ತಿದ್ದ ಹಳೇ ಮಾಡ್ಯೂಲ್) ತೆಗೆದೇ ಬಿಟ್ರು, ಎಷ್ಟು ಸೆಟಪ್ ಫೈಲ್‌ಗಳು ಅಲ್ಲೇ ಮುಗ್ಗರಿಸ್ತವೆ.

ಇನ್ನು "ನೋ ನೋನ್ ಪೇರೆಂಟ್ ಪ್ಯಾಕೇಜ್" ಅಂತ ಬಂದ್ರೆ ಅದು ಇನ್‌ಸ್ಟಾಲ್ ವಿಷ್ಯಾನೇ ಅಲ್ಲ. ಪ್ಯಾಕೇಜ್ ಒಳಗಿನ ಫೈಲನ್ನ ನೇರ ಓಡಿಸ್ತಿದೀರಿ ಅಂತ ಅರ್ಥ. ಒಂದು ಫೋಲ್ಡರ್ ಹೊರಗೆ ಬಂದು -ಎಂ ಹಾಕಿ, ಪ್ಯಾಕೇಜ್ ಹೆಸರು, ಚುಕ್ಕಿ, ಫೈಲ್ ಹೆಸರು ಅಂತ ಕೊಟ್ಟು ಓಡಿಸಿ, ಕೊನೆಗೆ ಡಾಟ್ ಪಿವೈ ಬೇಡ.