ಟೈಮರ್ ತಪ್ಪಿದ್ದು 1972ರಲ್ಲಿ, ನಾನು ಕಾದದ್ದು 2025ರಲ್ಲಿ

ಮಂಡ್ಯದಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಬೇಸಿಗೆ ಬಂತೆಂದರೆ ಸುಟ್ಟ ಕಾಯಿಲ್ ವಾಸನೆ ಅಂಗಡಿ ಬಿಟ್ಟು ಹೋಗುವುದೇ ಇಲ್ಲ. ಕಬ್ಬಿಗೆ ನೀರು ಬೇಕು, ಕರೆಂಟ್ ಬಂದಾಗ ಎಲ್ಲರೂ ಒಟ್ಟಿಗೆ ಮೋಟಾರ್ ಹಾಕುತ್ತಾರೆ, ವೋಲ್ಟೇಜ್ ಬೀಳುತ್ತದೆ, ಕಾಯಿಲ್ ಸುಡುತ್ತದೆ. ಇಂಥ ಅಂಗಡಿಯವನಿಗೆ ಶುಕ್ರ ಗ್ರಹಕ್ಕೆ ಹೊರಟು ಅರ್ಧಕ್ಕೇ ನಿಂತ ನೌಕೆಯ ಗೊಡವೆ ಯಾಕೆ ಅಂತ ಮನೆಯಲ್ಲೂ ಕೇಳುತ್ತಾರೆ. ಅದಕ್ಕೆ ಒಂದು ಟೈಮರ್ ಕಾರಣ.

ದೊಡ್ಡ ಮೋಟಾರಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕುತ್ತೇವೆ. ಮೊದಲು ಕಾಯಿಲ್‌ಗಳ ಸ್ಟಾರ್ ಅನ್ನುವ ಜೋಡಣೆಯಲ್ಲಿ ಮೆಲ್ಲಗೆ ಎತ್ತಿಕೊಳ್ಳುತ್ತದೆ. ಎಂಟು-ಹತ್ತು ಸೆಕೆಂಡ್ ಆದ ಮೇಲೆ ಟೈಮರ್ ಟಕ್ ಅಂತ ಡೆಲ್ಟಾ ಅನ್ನುವ ಜೋಡಣೆಗೆ ತಿರುಗಿಸುತ್ತದೆ. ಆ ಟೈಮರ್ ಮುಖದ ಮೇಲೆ ಬೆರಳ ತುದಿಯಷ್ಟು ಒಂದು ತಿರುಪು ಇರುತ್ತದೆ. ಅದನ್ನು ಎರಡು ಸೆಕೆಂಡಿಗೆ ಇಟ್ಟರೆ ಮೋಟಾರ್ ವೇಗ ಹಿಡಿಯುವ ಮೊದಲೇ ಬದಲಾಗಿ ಇಡೀ ಪ್ಯಾನೆಲ್ ಗಡಗಡ ನಡುಗುತ್ತದೆ. ಹೊಸ ಹುಡುಗರು ಜಾಸ್ತಿ ತಪ್ಪುವುದು ಅಲ್ಲೇ.

ಕಾಸ್ಮೋಸ್ 482 ಕೆಟ್ಟದ್ದೂ ಹಾಗೇ ಅಂತ ಓದಿದಾಗ ನನಗೆ ನಗು ಬಂತು. ಆಮೇಲೆ ಪಾಪ ಅನಿಸಿತು. 1972ರ ಮಾರ್ಚ್ 31ರಂದು ಸೋವಿಯತ್ ಒಕ್ಕೂಟ ಅದನ್ನು ಹಾರಿಸಿತು. ನಾಲ್ಕು ದಿನ ಮೊದಲು, ಮಾರ್ಚ್ 27ಕ್ಕೆ, ಅದರ ಜೋಡಿ ವೆನೆರಾ 8 ಹೊರಟಿತ್ತು. ಅದು ಜುಲೈ 22ರಂದು ಶುಕ್ರನ ಮೇಲೆ ಇಳಿದು ಐವತ್ತು ನಿಮಿಷ ಸುದ್ದಿ ಕಳಿಸಿತು. ಇದರದ್ದು ಭೂಮಿಯ ಸುತ್ತಲಿನ ದಾರಿಯಿಂದ ಶುಕ್ರನ ಕಡೆಗೆ ತಳ್ಳುವ ಎಂಜಿನ್ ಹೊತ್ತಿಗೆ ಮೊದಲೇ ನಿಂತುಹೋಯಿತು. ಟೈಮರ್ ತಪ್ಪಾಗಿ ಸೆಟ್ ಆಗಿದ್ದಿರಬೇಕು ಅನ್ನುವುದು ತಿಳಿದವರ ಅಂದಾಜು. ನೌಕೆ 210 ಕಿಲೋಮೀಟರ್‌ನಿಂದ 9,800 ಕಿಲೋಮೀಟರ್‌ವರೆಗಿನ ಮೊಟ್ಟೆಯಾಕಾರದ ದಾರಿಯಲ್ಲಿ ಸಿಕ್ಕಿಕೊಂಡಿತು. ಸೋತ ನೌಕೆಗೆ ವೆನೆರಾ ಅಂತ ಹೆಸರಿಡುವ ಹಾಗಿರಲಿಲ್ಲ. ಕಾಸ್ಮೋಸ್ ಅಂತ ಒಂದು ಸಾಮಾನ್ಯ ಹೆಸರು ಕೊಟ್ಟು ಕೈತೊಳೆದುಕೊಂಡರು.

ಗೆದ್ದ ನೌಕೆಯನ್ನು ನನ್ನಂಥವನು ನೋಡುವುದೇ ಇಲ್ಲ. ಅದು ಹೊರಟು ಹೋಗುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ, ಅಷ್ಟೆ. ಸೋತದ್ದು ಮಾತ್ರ ನಮ್ಮ ತಲೆಯ ಮೇಲೇ ಸುತ್ತುತ್ತಿರುತ್ತದೆ. ಅಟ್ಟದ ಮೇಲೆ ನಿಂತರೆ ಸಿಗುತ್ತದೆ.

ಇದು ನನಗೆ ಮೊದಲು ಗೊತ್ತಾದದ್ದು 2011ರಲ್ಲಿ. ಆ ವರ್ಷದ ನವೆಂಬರ್ 9ರ ನಡುರಾತ್ರಿ, ನಮ್ಮ ಲೆಕ್ಕದಲ್ಲಿ ಒಂದೂ ಮುಕ್ಕಾಲರ ಹೊತ್ತಿಗೆ, ರಷ್ಯಾ ಬೈಕೊನೂರಿನಿಂದ ಫೋಬೋಸ್-ಗ್ರುಂಟ್ ಹಾರಿಸಿತು. ಮಂಗಳನ ಚಂದ್ರ ಫೋಬೋಸ್‌ಗೆ ಹೋಗಿ ಅಲ್ಲಿಂದ ಮಣ್ಣು ತರಬೇಕಿತ್ತು. ಇಂಧನ ಸೇರಿ 13 ಟನ್‌ಗೂ ಜಾಸ್ತಿ ತೂಕ. ಚೀನಾದ ಪುಟ್ಟ ಇನ್‌ಹುವೊ-1 ಕೂಡ ಅದರ ಮಡಿಲಲ್ಲೇ ಇತ್ತು. ರಾಕೆಟ್ ತನ್ನ ಕೆಲಸ ಸರಿಯಾಗಿ ಮಾಡಿತು. ಆಮೇಲೆ ನೌಕೆಯ ಸ್ವಂತ ಎಂಜಿನ್ ಹೊತ್ತಬೇಕಿತ್ತು, ಹೊತ್ತಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಿದರೆ ಲೈನ್‌ನಲ್ಲಿ ಕರೆಂಟ್ ಇತ್ತು, ಸ್ಟಾರ್ಟರ್ ಎತ್ತಲಿಲ್ಲ.

ಎರಡು ವಾರ ಯಾರ ಮಾತಿಗೂ ಅದು ಓಗೊಡಲಿಲ್ಲ. ದೂರದ ಬಾನಿನಲ್ಲಿ ಮೆಲ್ಲಗೆ ಸರಿಯುವ ನೌಕೆಗೆ ಮಾಡಿದ ದೊಡ್ಡ ಅಂಟೆನಾಗಳಿಗೆ, ತಲೆಯ ಮೇಲೆ ಸರ್ರನೆ ಓಡುವುದನ್ನು ಹಿಡಿಯುವುದು ಕಷ್ಟ. ಕೊನೆಗೆ ನವೆಂಬರ್ 22ರಂದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಯುರೋಪಿನವರು ತಮ್ಮ ಅಂಟೆನಾ ಪಕ್ಕಕ್ಕೆ ಒಂದು ಪುಟ್ಟ ಕೊಂಬು, ಅಂದರೆ ಕೊಂಬಿನಾಕಾರದ ಅಂಟೆನಾ ಕಟ್ಟಿ, ಬೇಕೆಂದೇ ಕಡಿಮೆ ಪವರ್‌ನಲ್ಲಿ ಕರೆದರು. ಆಗ ಅದು ಉತ್ತರ ಕೊಟ್ಟಿತು. ಈ ಕೊಂಬು ಕಟ್ಟಿದ ಸಂಗತಿ ನನಗೆ ಬಹಳ ಇಷ್ಟ. ನಾವೂ ದಿನಾ ಇಂಥದ್ದೇ ಜುಗಾಡ್ ಮಾಡುತ್ತೇವೆ ಅಲ್ವಾ? ಆದರೆ ಎಂಜಿನ್ ಏಳಲಿಲ್ಲ. ಕಂಪ್ಯೂಟರಿನ ಎರಡು ಭಾಗಗಳು ಒಮ್ಮೆಗೇ ರೀಸ್ಟಾರ್ಟ್ ಆದವು, ಬಾಹ್ಯಾಕಾಶಕ್ಕೆ ಒಗ್ಗದ ಚಿಪ್ ಹಾಕಿದ್ದರು, ವಿಕಿರಣ ತಾಗಿತು ಅಂತ ಆಮೇಲೆ ರಷ್ಯಾದ ತನಿಖೆ ಹೇಳಿತು.

ಆ ಚಳಿಗಾಲದ ಒಂದು ಸಂಜೆ ಕೆಆರ್‌ಎಸ್ ಹಿನ್ನೀರಿನ ದಡಕ್ಕೆ ಬೈಕಿನಲ್ಲಿ ಹೋದೆ. ಹೆವೆನ್ಸ್-ಅಬವ್ ಅನ್ನುವ ತಾಣದಲ್ಲಿ ನಮ್ಮ ಊರಿನ ಅಕ್ಷಾಂಶ-ರೇಖಾಂಶ ಹಾಕಿದರೆ ಯಾವ ಉಪಗ್ರಹ ಎಷ್ಟು ಗಂಟೆಗೆ ಯಾವ ದಿಕ್ಕಿನಲ್ಲಿ ಅಂತ ಪಟ್ಟಿ ಕೊಡುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಹೇಳಿದ ನಿಮಿಷಕ್ಕೆ ಸರಿಯಾಗಿ ಪಶ್ಚಿಮದಿಂದ ಎದ್ದಿತು. ಹಳದಿ ಬೆರೆತ ಬಿಳಿ ಚುಕ್ಕೆ. ಅಂತರಿಕ್ಷ ನಿಲ್ದಾಣಕ್ಕಿಂತ ಅವಸರದ ನಡಿಗೆ, ಯಾಕೆಂದರೆ ಅದಕ್ಕಿಂತ ತಗ್ಗಿನಲ್ಲಿ ಓಡುತ್ತಿತ್ತು. ಮೂರು ನಿಮಿಷವೂ ಇರಲಿಲ್ಲ, ಭೂಮಿಯ ನೆರಳಿಗೆ ಹೊಕ್ಕು ಆರಿತು. ಮಂಗಳನಿಗೆ ಹೊರಟಿದ್ದು ನಮ್ಮ ಹಿನ್ನೀರಿನ ಮೇಲೆ ಹೋಗುತ್ತಿದೆಯಲ್ಲ ಅಂತ ಅನಿಸಿದ್ದು ನೆನಪಿದೆ. 2012ರ ಜನವರಿ 15ರಂದು ಅದು ಪೆಸಿಫಿಕ್ ಸಾಗರದ ಮೇಲೆ ಬಿತ್ತು.

ಅಲ್ಲಿಂದ ನನಗೆ ಈ ಹುಚ್ಚು ಹಿಡಿಯಿತು. ಕಾಸ್ಮೋಸ್ 482 ಬೀಳುವ ಸುದ್ದಿ ಬಂದಾಗ ಸುಮ್ನೆ ನೋಡುವುದು ಬೇಡ, ಈ ಸಲ ನಾನೇ ಲೆಕ್ಕ ಹಾಕುತ್ತೇನೆ ಅಂತ ಹೊರಟೆ.

ಲೆಕ್ಕಕ್ಕೆ ದೊಡ್ಡ ಸಾಮಾನು ಬೇಡ. ಪ್ರತಿ ಉಪಗ್ರಹಕ್ಕೂ ಟಿಎಲ್‌ಇ ಅಂತ ಎರಡು ಸಾಲಿನ ಅಂಕಿಗಳಿರುತ್ತವೆ. ಸೆಲೆಸ್‌ಟ್ರ್ಯಾಕ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಇದರ ಪಟ್ಟಿ ಸಂಖ್ಯೆ 6073. ಈಗ ಆ ಪಟ್ಟಿ 60 ಸಾವಿರ ದಾಟಿದೆ, ಅಂದರೆ ಇದು ಎಷ್ಟು ಹಳೇ ತಲೆ ನೋಡಿ. ಎರಡನೇ ಸಾಲಿನ ಕೊನೆಯ ಹತ್ತಿರ, ಅದು ದಿನಕ್ಕೆ ಎಷ್ಟು ಸುತ್ತು ಹೊಡೆಯುತ್ತದೆ ಅನ್ನುವ ಅಂಕಿ ಇರುತ್ತದೆ. ನನಗೆ ಬೇಕಾದದ್ದು ಅದೊಂದೇ. 1972ರಲ್ಲಿ ಒಂದು ಸುತ್ತಿಗೆ 201 ನಿಮಿಷ, ಅಂದರೆ ದಿನಕ್ಕೆ ಏಳು ಸುತ್ತು. ದಾರಿ ಕುಗ್ಗಿದಷ್ಟೂ ಸುತ್ತು ಜಾಸ್ತಿ, 2025ರ ಮೇ ಹೊತ್ತಿಗೆ 16 ದಾಟಿತ್ತು. ಹದಿನಾರೂವರೆ ಹತ್ತಿರ ಬಂತೆಂದರೆ ಕಥೆ ಮುಗಿದಂತೆ.

ಇಲ್ಲಿ ಒಂದು ವಿಷಯ ನನಗೆ ಅರ್ಥವಾಗಲು ಎರಡು ದಿನ ಬೇಕಾಯಿತು. ಗಾಳಿ ತಾಗುವುದು ದಾರಿಯ ತಗ್ಗಿನ ತುದಿಯಲ್ಲಿ. ಆದರೆ ಕುಗ್ಗುವುದು ಎತ್ತರದ ತುದಿ. ಅದು ಹೇಗೆ? ಉಯ್ಯಾಲೆ ನೆನೆಸಿಕೊಂಡಾಗ ಹೊಳೆಯಿತು. ಉಯ್ಯಾಲೆ ಕೆಳಗೆ ಬಂದಾಗ ಕಾಲನ್ನು ನೆಲಕ್ಕೆ ಸವರಿದರೆ ತಗ್ಗುವುದು ಮೇಲೇರುವ ಎತ್ತರವೇ ಅಲ್ವಾ? 9,800 ಕಿಲೋಮೀಟರ್ ಎತ್ತರ 53 ವರ್ಷದಲ್ಲಿ ಹೀಗೇ ಸವೆದು ಸವೆದು ಇಳಿದಿತ್ತು.

ಜೊತೆಗಿದ್ದ ಮುಖ್ಯ ದೇಹ 1981ರಲ್ಲೇ ಬಿದ್ದುಹೋಗಿತ್ತು. ಉಳಿದದ್ದು ಶುಕ್ರನ ಮೇಲೆ ಇಳಿಯಬೇಕಿದ್ದ ಗುಂಡು ಮಾತ್ರ. ಒಂದು ಮೀಟರ್ ಅಡ್ಡಳತೆ, ಸುಮಾರು 495 ಕಿಲೋ. ಕಣದಲ್ಲಿ ತೂರುವಾಗ ಹೊಟ್ಟು ಪಕ್ಕಕ್ಕೆ ಹಾರುತ್ತದೆ, ಕಾಳು ತನ್ನ ಪಾಡಿಗೆ ಬೀಳುತ್ತದೆ. ಇದು ಕಾಳಿನ ಜಾತಿ. ಚಿಕ್ಕದು, ಭಾರ, ಗಾಳಿಗೆ ಬೇಗ ಬಗ್ಗುವುದಿಲ್ಲ. ಶುಕ್ರನ ಗಾಳಿಯ ಒತ್ತಡ ನಮ್ಮದಕ್ಕಿಂತ 90 ಪಟ್ಟು, ಬಿಸಿ 460 ಡಿಗ್ರಿ. ಅದನ್ನು ತಡೆಯಲು ಟೈಟಾನಿಯಂನಲ್ಲಿ ಮಾಡಿದ್ದು. ಬೇರೆ ಉಪಗ್ರಹಗಳ ಹಾಗೆ ಉರಿದು ಬೂದಿಯಾಗದೆ ಇಡಿಯಾಗಿ ನೆಲ ಮುಟ್ಟಬಹುದು ಅಂತ ಎಲ್ಲರೂ ಹೇಳುತ್ತಿದ್ದದ್ದು ಅದಕ್ಕೇ.

ಅಂಗಡಿಯಲ್ಲಿ ಕಾಯಿಲ್ ಸುತ್ತಿನ ಲೆಕ್ಕ ಅಂಟಿಸಿರುವ ಹಲಗೆಯ ಪಕ್ಕ ಒಂದು ಗ್ರಾಫ್ ಹಾಳೆ ಅಂಟಿಸಿದೆ. ದಿನಾ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಫೋನಿನಲ್ಲಿ ಅಂಕಿ ನೋಡಿ, ಬಾಲ್ ಪೆನ್ನಿನಲ್ಲಿ ಒಂದು ಚುಕ್ಕೆ. ಮೇ 5ಕ್ಕೆ ಚುಕ್ಕೆಗಳ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಮೇ 11ರ ರಾತ್ರಿ ಅಂತ ಬಂತು. ನೆದರ್‌ಲ್ಯಾಂಡ್ಸಿನ ಮಾರ್ಕೋ ಲಾಂಗ್‌ಬ್ರೂಕ್ ಇದನ್ನು ವರ್ಷಗಳಿಂದ ಹಿಂಬಾಲಿಸಿದವರು. ಅವರು ಮೇ 10ರ ಆಸುಪಾಸು ಅನ್ನುತ್ತಿದ್ದರು. ಇರಲಿ, ನನ್ನದೂ ಒಂದು ಇರಲಿ ಅಂತ ಬಿಟ್ಟೆ. ತಪ್ಪು ಎಲ್ಲಿ ಅಂತ ಮೇ 8ಕ್ಕೆ ಗೊತ್ತಾಯಿತು. ಹೊಸ ಚುಕ್ಕೆಗಳು ನನ್ನ ಗೆರೆ ಬಿಟ್ಟು ಮೇಲಕ್ಕೆ ಏರುತ್ತಿದ್ದವು. ಕೆಳಗಿಳಿದಷ್ಟೂ ಗಾಳಿ ದಪ್ಪ, ದಪ್ಪವಾದಷ್ಟೂ ಬೇಗ ಇಳಿಯುತ್ತದೆ. ಗೆರೆ ಬಾಗಲೇಬೇಕು. ನಾನು ಸ್ಕೇಲ್ ಇಟ್ಟಿದ್ದೇ ತಪ್ಪು.

ಕಣ್ಣಿಗೆ ಕಾಣುತ್ತದಾ ಅಂತಲೂ ನೋಡಿದೆ. ಒಂದು ಮೀಟರ್ ಗುಂಡು ಬರಿಗಣ್ಣಿಗೆ ಸಿಗುವುದು ಕಷ್ಟ. ಹತ್ತು-ಐವತ್ತರ ಬೈನಾಕ್ಯುಲರ್ ಇದೆ ನನ್ನ ಹತ್ತಿರ. ಉಪಗ್ರಹ ಕಾಣಬೇಕಾದರೆ ನಮಗೆ ಕತ್ತಲಾಗಿರಬೇಕು, ಅದಕ್ಕೆ ಬಿಸಿಲು ಬೀಳುತ್ತಿರಬೇಕು. ತಗ್ಗಿನಲ್ಲಿ ಓಡುವುದಕ್ಕೆ ಆ ಹೊತ್ತು ಬಹಳ ಸಣ್ಣದು. ಒಂದು ಮುಂಜಾವ ಅಟ್ಟ ಹತ್ತಿದರೆ ಮೇ ತಿಂಗಳ ಮೋಡ. ಇನ್ನೊಂದು ದಿನ ಹತ್ತಿದ್ದಕ್ಕೆ ಎದುರು ಮನೆಯವರು ಕೆಳಗಿಂದಲೇ ಕೂಗಿದರು. ಅವು ಎಂಥ ದಿನಗಳು ಅಂತ ನಿಮಗೆ ನೆನಪಿರಬಹುದು. ಗಡಿಯಲ್ಲಿ ಯುದ್ಧದ ಹಾಗಿತ್ತು. ಟಿವಿಯಲ್ಲಿ ಇಪ್ಪತ್ನಾಲ್ಕು ಗಂಟೆ ಡ್ರೋನ್, ಕ್ಷಿಪಣಿ. 9ನೇ ತಾರೀಖು ಐಪಿಎಲ್ ಕೂಡ ನಿಂತಿತು, ಆವತ್ತು ಆರ್‌ಸಿಬಿ ಮ್ಯಾಚ್ ಇತ್ತು. ಅಂಥ ಹೊತ್ತಲ್ಲಿ ಒಬ್ಬ ದುರ್ಬೀನು ಹಿಡಿದು ಅಟ್ಟದ ಮೇಲೆ ನಿಂತರೆ ಯಾರಿಗಾದರೂ ಅನುಮಾನವೇ. ಬೈನಾಕ್ಯುಲರ್ ಬೀರುವಿಗೆ ಹೋಯಿತು. ಹಾಗಾಗಿ ಕಾಸ್ಮೋಸನ್ನು ನಾನು ನೋಡಲೇ ಇಲ್ಲ. ಬರೀ ಅಂಕಿಯಲ್ಲಿ ಕಂಡದ್ದು.

ಒಂದು ಚಾನೆಲ್ ಇದನ್ನೂ ಬಿಡಲಿಲ್ಲ. ಅರ್ಧ ಟನ್ ಗುಂಡು ಭಾರತದ ಮೇಲೆ ಬೀಳುತ್ತಾ ಅಂತ ಕೆಂಪು ಅಕ್ಷರದಲ್ಲಿ ಹಾಕಿತು. ಅಂಗಡಿಗೆ ಬಂದವರಿಗೆಲ್ಲ ನಾನು ಒಂದೇ ಲೆಕ್ಕ ಹೇಳುತ್ತಿದ್ದೆ. ಬೀಳಲು ಎಷ್ಟು ಸಮಯ ಉಳಿದಿದೆಯೋ ಅದರ ಐದನೇ ಒಂದು ಭಾಗ ಆಚೀಚೆ ತಪ್ಪು ಇದ್ದೇ ಇರುತ್ತದೆ. ಒಂದು ದಿನ ಉಳಿದಿದ್ದರೆ ಐದು ಗಂಟೆ ಹಿಂದೆ, ಐದು ಗಂಟೆ ಮುಂದೆ. ಹತ್ತು ಗಂಟೆಯಲ್ಲಿ ಅದು ಭೂಮಿಯನ್ನು ಏಳು ಸಲ ಸುತ್ತುತ್ತದೆ. ಆ ಏಳು ಸುತ್ತಿನ ದಾರಿಯಲ್ಲಿ ಎಲ್ಲಿ ಬೇಕಾದರೂ ಬೀಳಬಹುದು. ಅದರಲ್ಲಿ ಜಾಸ್ತಿ ಸಮುದ್ರವೇ.

ಕೆರಗೋಡಿನ ಕಡೆಯ ಒಬ್ಬ ರೈತರು ಮೋಟಾರ್ ತಂದು ಕೂತಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಅದು ನಮ್ಮ್ ಗದ್ದೆಗ್ ಬಿದ್ರೆ ಗುಜರಿಲಿ ಎಷ್ಟ್ ಬತ್ತದೆ?"

ನಕ್ಕರೂ ಪ್ರಶ್ನೆ ಸರಿಯಾಗೇ ಇತ್ತು. ಇದೇ ನೌಕೆಯ ಜೊತೆಗಿದ್ದ ನಾಲ್ಕು ಟೈಟಾನಿಯಂ ಗುಂಡುಗಳು 1972ರ ಏಪ್ರಿಲ್ 3ರ ರಾತ್ರಿಯೇ ನ್ಯೂಜಿಲೆಂಡಿನ ಆಶ್‌ಬರ್ಟನ್ ಹತ್ತಿರ ಬಿದ್ದಿದ್ದವು. ಒಂದೊಂದೂ 13.6 ಕಿಲೋ. ಬೆಳೆ ಸುಟ್ಟು ಹೊಲದಲ್ಲಿ ಗುಂಡಿ ಆಗಿತ್ತು, ಯಾರಿಗೂ ಪೆಟ್ಟಾಗಲಿಲ್ಲ. ಸೋವಿಯತ್‌ನವರು ನಮ್ಮದಲ್ಲ ಅಂದರು. ಹೀಗೆ ಬಿದ್ದು ನಷ್ಟವಾದರೆ ಹಾರಿಸಿದ ದೇಶವೇ ಕಟ್ಟಿಕೊಡಬೇಕು ಅನ್ನುವ ಒಪ್ಪಂದ ಸಹಿಗೆ ಬಂದದ್ದು 1972ರ ಮಾರ್ಚ್ 29ಕ್ಕೆ, ಈ ನೌಕೆ ಹಾರುವ ಎರಡೇ ದಿನ ಮೊದಲು. ಗುಂಡು ಮಾತ್ರ ರಷ್ಯಾದ್ದೇ, ನೀವು ಗುಜರಿಗೆ ಹಾಕುವ ಹಾಗಿಲ್ಲ ಅಂದೆ. "ಹಂಗಾರೆ ಬೀಳದೇ ಬ್ಯಾಡ ಬುಡಿ" ಅಂದರು.

ಮೇ 10, ಶನಿವಾರ. ಬೆಳಗ್ಗೆಯಿಂದ ಒಂದು ಕಣ್ಣು ಕಾಯಿಲ್ ಮೇಲೆ, ಒಂದು ಕಣ್ಣು ಫೋನ್ ಮೇಲೆ. ನಮ್ಮ ಸಮಯ 11:34ಕ್ಕೆ ಜರ್ಮನಿಯ ರಾಡಾರ್ ಅದನ್ನು ಕಂಡಿತ್ತು. ಮುಂದಿನ ಸುತ್ತಿಗೆ ಮಧ್ಯಾಹ್ನ 1:02ಕ್ಕೆ ಮತ್ತೆ ಕಾಣಬೇಕಿತ್ತು. ಕಾಣಲಿಲ್ಲ. ಆಮೇಲೆ ರಷ್ಯಾ ಹೇಳಿತು: 11:54ಕ್ಕೆ ದಟ್ಟ ಗಾಳಿಗೆ ಹೊಕ್ಕಿತು, ಮಿಡ್ಲ್ ಅಂಡಮಾನ್ ದ್ವೀಪಕ್ಕೆ 560 ಕಿಲೋಮೀಟರ್ ಪಶ್ಚಿಮದಲ್ಲಿ. ಜಕಾರ್ತಾದ ಪಶ್ಚಿಮಕ್ಕೆ ಹಿಂದೂ ಮಹಾಸಾಗರದಲ್ಲಿ ಬಿತ್ತು. ಯುರೋಪಿನವರ ಲೆಕ್ಕ 11:46, ಇಪ್ಪತ್ತೆರಡು ನಿಮಿಷ ಆಚೀಚೆ.

ಮಗಳ ಶಾಲೆಯ ಅಟ್ಲಾಸ್ ತೆಗೆದು ಸ್ಕೇಲ್ ಇಟ್ಟೆ. ಈ ಸಲ ಸ್ಕೇಲ್ ತಪ್ಪಲಿಲ್ಲ. ಮಿಡ್ಲ್ ಅಂಡಮಾನ್ ಇರುವುದು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ. ಮಂಡ್ಯವೂ ಅಲ್ಲೇ. ಅಂಗಡಿಯಿಂದ ನೇರ ಪೂರ್ವಕ್ಕೆ ಸುಮಾರು 1,200 ಕಿಲೋಮೀಟರ್. ಜರ್ಮನಿಯಿಂದ ಇಪ್ಪತ್ತು ನಿಮಿಷದಲ್ಲಿ ಅಲ್ಲಿಗೆ ಬರಬೇಕಾದರೆ ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ನಮ್ಮ ದೇಶವನ್ನು ದಾಟಿಯೇ ಹೋಗಿರಬೇಕು. ಕೆಳಗೆ ಅಷ್ಟೆಲ್ಲ ರಾಡಾರ್ ಕಣ್ಣು ಬಿಟ್ಟು ಕೂತಿದ್ದ ದಿನ, ನಡು ಮಧ್ಯಾಹ್ನ, ಮೇಲೆ 1972ರ ಒಂದು ಗುಂಡು ಹಾದುಹೋಗಿದೆ. ಆ ಹೊತ್ತಿಗೆ ನಾನು ವಾರ್ನಿಷ್ ಹಚ್ಚುತ್ತಿದ್ದೆ.

ಸಂಜೆ ಕದನ ವಿರಾಮದ ಸುದ್ದಿ ಬಂತು. ಎದುರು ಮನೆಯವರು ಗೇಟಿನ ಹತ್ತಿರ ನಿಂತಿದ್ದರು. ಬಿತ್ತು ಸಾರ್, ಸಮುದ್ರಕ್ಕೆ ಅಂದೆ. ಯಾವುದು, ಡ್ರೋನಾ ಅಂತ ಕೇಳಿದರು.

ಸೋಮವಾರ ಕೆರಗೋಡಿನ ಮೋಟಾರ್ ಸಿದ್ಧವಾಯಿತು. ಸುತ್ತಿನ ಲೆಕ್ಕ ಬರೆದಿಡಲು ಹಾಳೆ ಸಿಗಲಿಲ್ಲ, ಗ್ರಾಫನ್ನೇ ಕಿತ್ತು ಹಿಂದೆ ಬರೆದೆ. ಈಗಲೂ ಅಲ್ಲೇ ಅಂಟಿದೆ, ಮೋಟಾರಿನ ಲೆಕ್ಕ ಮುಂದೆ, 6073ರ ಚುಕ್ಕೆಗಳು ಗೋಡೆಯ ಕಡೆಗೆ.