ಡೈರಿ ಹೊತ್ತಿನ ಪ್ರಾರ್ಥನೆ, ಕೆಂಪು ಇಂಕಿನ ಪುಸ್ತಕ: ನನ್ನ ಅನುಭವ

ಹೋದ ತಿಂಗಳು ಸಭಾಪಾಲಕರ ಕೂಟದಲ್ಲಿ ಊಟದ ಹೊತ್ತಿಗೆ ಮೂವರು ನನ್ನ ಪಕ್ಕ ಬಂದು ಕೂತು, "ಬ್ರದರ್, ಆ ಪುಸ್ತಕದ ವಿಷಯ ಸ್ವಲ್ಪ ಹೇಳಿ" ಅಂದರು. ನಮ್ಮ ಸಭೆಯವರ ಪ್ರಾರ್ಥನೆಯ ಬೇಡಿಕೆಗಳನ್ನು ಬರೆದಿಟ್ಟು, ಆದದ್ದು ಆಗದ್ದು ಎರಡನ್ನೂ ಗುರುತು ಹಾಕುವ ಪುಸ್ತಕ ಅದು. ಅವರಲ್ಲಿ ಇಬ್ಬರು ಆರೇಳು ವರ್ಷದ ಹಿಂದೆ ಅದೇ ಪುಸ್ತಕ ನೋಡಿ ನಕ್ಕವರು. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು. ಸ್ವಲ್ಪ ಹೆಮ್ಮೆಯೂ ಇದೆ, ಸುಳ್ಳೇಕೆ ಹೇಳಲಿ.

ನಮ್ಮದು ಕೋಲಾರ ತಾಲ್ಲೂಕು, ನರಸಾಪುರದ ಕಡೆ. ಸಿಮೆಂಟ್ ಶೀಟಿನ ಪ್ರಾರ್ಥನಾ ಮಂದಿರ, ನಲವತ್ತೈದು ಮನೆ. ಹೆಂಗಸರೆಲ್ಲ ಸೀಮೆಹಸು ಕಟ್ಟಿದವರು, ಗಂಡಸರು ಟೊಮೆಟೊ ಇಲ್ಲವೇ ಗಾರೆ ಕೆಲಸ, ಹುಡುಗರು ಫ್ಯಾಕ್ಟರಿ ಬಸ್ಸು. ಸಂಬಳ ಅಂತ ನನಗೆ ಬರುವುದು ಎಷ್ಟು ಅಂತ ಹಳ್ಳಿ ಸಭೆ ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಂದ ಹೊಸದರಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಬುಧವಾರ ಸಂಜೆ ಏಳಕ್ಕೆ ಮನೆ ಕೂಟ. ಏಳಕ್ಕೆ ಅಂದರೆ ಎಂಟಕ್ಕೆ. ಎಂಟಕ್ಕೆ ಕರೆಂಟ್ ಹೋಗುತ್ತಿತ್ತು, ಕರೆಂಟ್ ಇದ್ದರೆ ಸೀರಿಯಲ್ ಇರುತ್ತಿತ್ತು. ಆರೋ ಏಳೋ ಜನ, ಅದರಲ್ಲಿ ಇಬ್ಬರು ನನ್ನ ಮನೆಯವರೇ. ಆಮೇಲೆ ತಿಂಗಳಿಗೊಂದು ಇಡೀ ರಾತ್ರಿ ಪ್ರಾರ್ಥನೆ ಇಟ್ಟೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೆಯಬೇಕಾದ ಹೆಂಗಸರು ರಾತ್ರಿ ಹನ್ನೊಂದಕ್ಕೆ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಯೇಸು ಎಚ್ಚರವಾಗಿರಿ ಅಂದರೂ ನಿದ್ದೆ ಹೋದ ಗೆತ್ಸೇಮನೆಯ ಶಿಷ್ಯರ ಉದಾಹರಣೆ ಕೊಟ್ಟು ಬೈದೆ. ಈಗ ನೆನೆಸಿಕೊಂಡರೆ ನಾಚಿಕೆ. ಅವರಿಗೆ ಬೇಕಾಗಿದ್ದದ್ದು ನಿದ್ದೆ.

ಮೂರನೇ ವರ್ಷ ದೊಡ್ಡ ಹುಚ್ಚು ಹಿಡಿಯಿತು: ಮೂರು ದಿನದ ಉಜ್ಜೀವನ ಕೂಟ. ಶಾಮಿಯಾನ ಹದಿನೆಂಟು ಸಾವಿರ, ಸೌಂಡು ಹನ್ನೆರಡು, ಹೊರಗಿನಿಂದ ಬಂದ ಪ್ರಸಂಗಿ ಮತ್ತವರ ತಂಡಕ್ಕೆ ಕಾರು, ಲಾಡ್ಜು, ಕವರು ಎಲ್ಲ ಸೇರಿ ಇಪ್ಪತ್ತೈದು, ಊಟಕ್ಕೆ ಮೂವತ್ತರ ಮೇಲೆ. ಒಟ್ಟು ತೊಂಬತ್ತು ಸಾವಿರದ ಹತ್ತಿರ. ಕಾಣಿಕೆ ಬಂದದ್ದು ಇಪ್ಪತ್ತೆರಡು ಸಾವಿರ ಚಿಲ್ಲರೆ. ಎರಡನೇ ದಿನವೇ ಪಕ್ಕದ ಬೀದಿಯವರು ಮೈಕಿನ ಗಲಾಟೆ ಅಂತ ತಕರಾರು ತೆಗೆದರು. ನ್ಯಾಯವಾಗಿಯೇ ಇತ್ತು, ಅವರ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರು. ನನ್ನ ಹೆಂಡತಿ ಸಂಘದಲ್ಲಿ ಸಾಲ ತೆಗೆದಳು, ಎರಡು ಬಳೆ ಅಡ ಇಟ್ಟಳು. ತೀರಿಸಲು ಹದಿನಾಲ್ಕು ತಿಂಗಳು. ಆ ಕೂಟದಿಂದ ಸಭೆಗೆ ಹೊಸದಾಗಿ ಬಂದದ್ದು ಒಂದು ಮನೆ, ಅವರೂ ಆರು ತಿಂಗಳಿಗೆ ಊರು ಬಿಟ್ಟರು.

ಇಷ್ಟಾದ ಮೇಲೆ ಬೋರ್‌ವೆಲ್ ಪ್ರಕರಣ. ನಮ್ಮ ಕಡೆ ಪಾಯಿಂಟ್ ಮಾಡಿಸುವುದು, ಅಂದರೆ ಎಲ್ಲಿ ಕೊರೆದರೆ ನೀರು ಸಿಗುತ್ತದೆ ಅಂತ ಗುರುತು ಹಾಕಿಸುವುದು, ಗೊತ್ತಲ್ಲ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರನ್ನು ಕರೆಸುತ್ತಾರೆ. ನಮ್ಮ ಸಭೆಯ ರೈತನೊಬ್ಬ, ಕಾಯಿಯವನನ್ನು ಕರೆಸಿದರೆ ಸಭೆಯವರು ಏನಂದುಕೊಳ್ಳುತ್ತಾರೋ ಅಂತ, ಬದಲಿಗೆ ನನ್ನನ್ನು ಕರೆದ. "ಅಯ್ನೋರೇ, ನೀವು ನಿಂತು ಪ್ರಾರ್ಥನೆ ಮಾಡಿದ ಕಡೆ ಕೊರೆಸ್ತೀನಿ." ಆಗಲೇ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಹುಣಸೆ ಮರದ ಆಚೆ ಬದುವಿನ ಮೇಲೆ ನಿಂತು ಮೋಶೆ ಬಂಡೆಗೆ ಹೊಡೆದು ನೀರು ಬರಿಸಿದ್ದನ್ನೆಲ್ಲ ನೆನಪಿಸಿ ದೊಡ್ಡ ದನಿಯಲ್ಲಿ ಪ್ರಾರ್ಥಿಸಿದೆ. ಸಂಜೆ ತಿರುಚೆಂಗೋಡಿನ ಬೋರ್ ಕೊರೆಯುವ ಲಾರಿ ಬಂತು. ಆರುನೂರು ಅಡಿಗೆ ಬಿಳಿ ಪುಡಿ, ಒಂಬೈನೂರಕ್ಕೆ ಬೂದು ಪುಡಿ, ಸಾವಿರದ ಇನ್ನೂರಕ್ಕೆ ಒಂದು ಸಲ ಒದ್ದೆ ಮಣ್ಣಿನ ವಾಸನೆ ಬಂದು ಎಲ್ಲರೂ ಸ್ತೋತ್ರ ಸ್ತೋತ್ರ ಅಂದೆವು, ಮತ್ತೆ ಪುಡಿ. ರಾತ್ರಿ ಎರಡಕ್ಕೆ ಕಂಪ್ರೆಸರ್ ನಿಂತಾಗ ನನ್ನ ಬಿಳಿ ಅಂಗಿ, ಹುಬ್ಬು, ಕೈಲಿದ್ದ ಸತ್ಯವೇದದ ಅಂಚು ಎಲ್ಲ ಬೂದಿ ಬಳಿದ ಹಾಗಿತ್ತು. ಅವನಿಗೆ ಕೇಸಿಂಗು, ಡೀಸೆಲ್ಲು ಸೇರಿ ಮೂರೂವರೆ ಲಕ್ಷ ಹೋಯಿತು.

ಮುಂದಿನ ಭಾನುವಾರ ಅವನು ಬರಲಿಲ್ಲ. ನಾನೇನು ಮಾಡಿದೆ? ಪ್ರಸಂಗಕ್ಕೆ ಬೇರೆ ಯಾವುದೋ ವಾಕ್ಯ ತೆಗೆದುಕೊಂಡೆ. ಬೋರಿನ ಮಾತೇ ಎತ್ತಲಿಲ್ಲ. ಆಶೀರ್ವಾದ ಹೇಳಿ ಇಳಿಯುವಾಗ ನಮ್ಮಪ್ಪ ನೆನಪಾದರು.

ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದವರು. ಗಣಿ ಮುಚ್ಚುತ್ತಾರೆ ಅಂತ ಸುದ್ದಿ ಗಟ್ಟಿಯಾದಾಗ ಗಣಿ ಕೆಲಸಗಾರರ ಸಾಲು ಮನೆಗಳ ನಮ್ಮ ಲೈನಿನ ಸಭೆಯಲ್ಲಿ ಸರತಿಯ ಉಪವಾಸ ಪ್ರಾರ್ಥನೆ ನಡೆಯಿತು. ಮನೆಗೊಂದು ಗಂಟೆ. ನಮ್ಮ ಮನೆಯದು ಬೆಳಗಿನ ಜಾವ ಮೂರರಿಂದ ನಾಲ್ಕು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಾದ ಭಾನುವಾರದ ಪ್ರಸಂಗ, ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆ. ಗಣಿ ಅನ್ನುವ ಪದವೇ ಬರಲಿಲ್ಲ. ಅಪ್ಪ ಸಭೆ ಬಿಡಲಿಲ್ಲ, ಆದರೆ ಅಲ್ಲಿಂದಾಚೆಗೆ ಚಪ್ಪಲಿ ಬಿಡದೆ ಬಾಗಿಲ ಹೊರಗೆ ನಿಂತೇ ಆರಾಧನೆ ಮುಗಿಸುತ್ತಿದ್ದರು. ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ವಾಚ್‌ಮನ್ ಕೆಲಸ ಮಾಡಿದರು. ಒಮ್ಮೆ ಮಾತ್ರ ಅಂದಿದ್ದರು: "ಕೇಳೋವಾಗ ಅಷ್ಟು ಜನ ಕೇಳಿದ್ವಿ. ಸಿಗಲಿಲ್ಲ ಅಂತ ಒಬ್ಬರೂ ಬಾಯಿ ಬಿಡಲಿಲ್ಲವಲ್ಲೋ."

ಆ ಭಾನುವಾರ ನಾನೂ ಬಾಯಿ ಬಿಟ್ಟಿರಲಿಲ್ಲ.

ಮಾರನೇ ದಿನ ಅಂಗಡಿಯಿಂದ ಇನ್ನೂರು ಪುಟದ ಲಾಂಗ್ ಬುಕ್ ತಂದೆ, ಐವತ್ತೋ ಅರವತ್ತೋ ಕೊಟ್ಟ ನೆನಪು. ನಾಲ್ಕು ಗೆರೆ ಎಳೆದೆ. ತಾರೀಕು, ಯಾರು, ಏನು, ಕೊನೆಯದು ಖಾಲಿ. ಮೊದಲ ಸಾಲಿಗೆ ಬೋರ್‌ವೆಲ್ ಬರೆದು, ಖಾಲಿ ಜಾಗದಲ್ಲಿ ಕೆಂಪು ಇಂಕಿನಲ್ಲಿ "ಆಗಲಿಲ್ಲ, 1,350 ಅಡಿ" ಅಂತ ಹಾಕಿದೆ.

ಹೊತ್ತು ಬದಲಾಯಿಸಿದ್ದು ಆಮೇಲೆ, ಅದೂ ನನ್ನ ಬುದ್ಧಿಯಲ್ಲ, ಹೆಂಡತಿಯದು. "ಅವರು ಬರೋ ಹೊತ್ತಿಗೆ ನೀವು ಇರಿ, ನೀವಿರೋ ಹೊತ್ತಿಗೆ ಅವರು ಯಾಕೆ ಬರ್ಬೇಕು" ಅಂದಳು. ಹಾಲಿನ ಡೈರಿ ನಮ್ಮ ಮಂದಿರದಿಂದ ನಾಲ್ಕು ಮನೆ ಆಚೆ. ಬೆಳಗ್ಗೆ ಆರೂವರೆಯಿಂದ ಏಳರೊಳಗೆ ಊರಿನ ಹೆಂಗಸರೆಲ್ಲ ಅಲ್ಲೇ. ಆರೂ ಮುಕ್ಕಾಲಿಗೆ ಬಾಗಿಲು ತೆಗೆದಿಟ್ಟು ಕೂತೆ. ಮೈಕಿಲ್ಲ, ಕೀಬೋರ್ಡಿಲ್ಲ, ಪ್ರಸಂಗ ಮೊದಲೇ ಇಲ್ಲ. ಹದಿನೈದು ನಿಮಿಷ, ಗಡಿಯಾರ ನೋಡಿ. ಹದಿನಾರನೇ ನಿಮಿಷಕ್ಕೆ ನಾನೇ ಎದ್ದುಬಿಡುತ್ತೇನೆ. ಈ ಶಿಸ್ತು ಇಲ್ಲದಿದ್ದರೆ ಎರಡನೇ ವಾರಕ್ಕೇ ಕೆಟ್ಟಿತು ಅಂತ ತಿಳಿಯಿರಿ.

ಮೊದಲ ವಾರ ಮೂವರು. ಒಬ್ಬ ಅಜ್ಜಿ ಖಾಲಿ ಕ್ಯಾನನ್ನು ಜಗಲಿ ಮೇಲೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು, ಹಾಲಿನ ಅಳತೆ, ಕೊಬ್ಬಿನ ಅಂಶ ಬರೆದು ಡೈರಿಯಲ್ಲಿ ಕೊಟ್ಟ ಫ್ಯಾಟ್ ಚೀಟಿಯನ್ನೇ ನನ್ನ ಮುಂದೆ ಹಿಡಿದಳು. ಹಿಂದಿನ ದಿನಕ್ಕಿಂತ ಅರ್ಧ ಲೀಟರ್ ಕಡಿಮೆ. "ದೇವುಡಾ, ಆವು ಈನಿಂದಿ, ಪಾಲು ದಿಗಲೇದು" ಅಂದಳು. ಹಸು ಕರು ಹಾಕಿದೆ, ಹಾಲು ಇಳಿದಿಲ್ಲ. ಪ್ರಾರ್ಥನೆ ಅಷ್ಟೇ. ಆಮೆನ್ ಕೂಡ ಅನ್ನಲಿಲ್ಲ. ಪುಸ್ತಕದಲ್ಲಿ ಅವಳ ಮಾತನ್ನು ಅವಳದೇ ತೆಲುಗಿನಲ್ಲಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಇದು ಮುಖ್ಯ. ನಮ್ಮ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ "ಕರ್ತನೇ, ನಿನ್ನ ದಾಸಿಯ ಪಶುಸಂಪತ್ತನ್ನು" ಅಂತ ಬರೆದರೆ ತಿಂಗಳಾದ ಮೇಲೆ ಓದಿದಾಗ ಅದು ಯಾರ ಬೇಡಿಕೆ ಅಂತ ಅವರಿಗೇ ಗೊತ್ತಾಗುವುದಿಲ್ಲ. ಚೀಟಿಯ ಹಿಂದೆ ಬೇಡಿಕೆ ಬರೆಸಿಕೊಂಡು ಬರುವುದು ಆಮೇಲೆ ಊರಿನ ರೂಢಿಯೇ ಆಯಿತು. ಈಗ ಬಿಸ್ಕತ್ ಡಬ್ಬ ತುಂಬ ಅವೇ ಚೀಟಿಗಳು.

ತಿಂಗಳ ಕೊನೆಯ ಭಾನುವಾರ ಆರಾಧನೆಯ ಮಧ್ಯೆ ಪುಸ್ತಕ ಓದುತ್ತೇವೆ. ಆದದ್ದು ನೀಲಿ, ಆಗದ್ದು ಕೆಂಪು. ಆಯಿತೋ ಇಲ್ಲವೋ ಅನ್ನುವುದನ್ನು ಕೇಳಿದವರೇ ಹೇಳಬೇಕು, ನಾನು ಹೇಳುವ ಹಾಗಿಲ್ಲ. ಕೆಂಪು ಸಾಲು ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ. ಆ ಹೊತ್ತಿನಲ್ಲಿ "ಎಲ್ಲ ದೇವರ ಚಿತ್ತ", "ನಂಬಿಕೆ ಸಾಲದು", "ಇನ್ನೂ ಒಳ್ಳೆಯದು ಇಟ್ಟಿದ್ದಾನೆ" ಇವು ಮೂರೂ ನಿಷೇಧ. ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಉಪವಾಸ ಬೇರೆ ಇಲ್ಲ. ಮೊದಲ ಸಲ ನನ್ನ ನಾಲಿಗೆ ತುರಿಸಿ ತುರಿಸಿ ಸಾಕಾಯಿತು.

ಎರಡನೇ ತಿಂಗಳೇ ಎಡವಿದೆ. ಒಂದು ಮನೆಯ ಗಂಡನ ಕುಡಿತದ ವಿಷಯವನ್ನು ಹೆಸರು ಸಮೇತ ಓದಿಬಿಟ್ಟೆ. ಅವನೂ ಕೂತಿದ್ದ. ನಾಲ್ಕು ತಿಂಗಳು ಆ ಮನೆಯವರು ನಮ್ಮ ಬೀದಿಯಲ್ಲೇ ಓಡಾಡಲಿಲ್ಲ. ಕಾಲು ಹಿಡಿಯುವ ಹಾಗೆ ಕ್ಷಮೆ ಕೇಳಬೇಕಾಯಿತು. ಅಂದಿನಿಂದ ಅಂಥದಕ್ಕೆಲ್ಲ "ಮನೆ ವಿಷಯ" ಅಂತ ಮಾತ್ರ.

ಹಿರಿಯ ಅಯ್ಯನವರೊಬ್ಬರು ಪುಸ್ತಕ ನೋಡಿ, "ಏನ್ರೀ, ಕರ್ತನಿಗೇ ಮಾರ್ಕ್ಸ್ ಕೊಡ್ತಿದ್ದೀರಾ? ಜನರ ನಂಬಿಕೆ ಕುಸಿಯುತ್ತೆ" ಅಂದರು. ನಮ್ಮ ಕಮಿಟಿಯಲ್ಲೂ ಇಬ್ಬರು ಸಹಿ ಹಾಕಿ ಅರ್ಜಿ ಕೊಟ್ಟರು. ನಾನು ವಾದ ಮಾಡಲಿಲ್ಲ, 88ನೇ ಕೀರ್ತನೆಯನ್ನು ಪೂರ್ತಿ ಓದಿ ಕೂತೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ. ಪೌಲ ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ಅಂದ ಬಾಧೆ ಹೋಗಲಿ ಅಂತ ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ, ಅದನ್ನು ಕೊರಿಂಥದವರಿಗೆ ಬರೆದೂ ಬರೆದ. ಹದಿನೈದು ನಿಮಿಷದ್ದೂ ಒಂದು ಪ್ರಾರ್ಥನೆಯಾ ಅಂತ ಕೇಳಿದವರಿಗೆ ನೆಹೆಮೀಯನನ್ನು ತೋರಿಸಿದೆ: ಅರಸ ಪ್ರಶ್ನೆ ಕೇಳಿದ್ದಕ್ಕೂ ಇವನು ಉತ್ತರ ಹೇಳಿದ್ದಕ್ಕೂ ನಡುವೆ ಒಂದು ಪ್ರಾರ್ಥನೆ ಮಾಡಿ ಮುಗಿಸಿದವನು.

ಐದನೇ ತಿಂಗಳು ಬೋರ್‌ವೆಲ್ ರೈತ ಬಂದ. ಅವನ ಸಾಲು ಪುಸ್ತಕದಲ್ಲಿ ಮೊದಲನೆಯದು ಅಂತ ಹೆಂಡತಿ ಹೇಳಿದ್ದಳಂತೆ. ಪುಸ್ತಕ ಈಸಿಕೊಂಡು, ಬೆರಳಿಟ್ಟು ಓದಿ, "1,350 ಅಲ್ಲ ಅಯ್ನೋರೇ, 1,380" ಅಂದ. ನಾನು ತಿದ್ದಿದೆ. ಅವನು ಕೂತ. ಅಷ್ಟೇ ಆದದ್ದು, ಆದರೆ ಆವತ್ತು ನನಗೆ ಈ ವಿಧಾನ ಕೆಲಸ ಮಾಡುತ್ತದೆ ಅಂತ ಖಾತ್ರಿಯಾಯಿತು.

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಹರಿಸುವ ಯೋಜನೆಯ ನೀರು, ನಮ್ಮ ಕಡೆಯ ಕೆರೆಗಳಿಗೆ ಬಂತು. ಅದು ಶುದ್ಧ ಮಾಡಿದ ನೀರೋ ಕೊಳಚೆಯೋ ಅಂತ ಟೀ ಅಂಗಡಿಯಲ್ಲಿ ಇವತ್ತಿಗೂ ಜಗಳ ಇದೆ, ಅದು ಬೇರೆ ಮಾತು. ಸುತ್ತಲಿನ ಬೋರುಗಳಲ್ಲಿ ನೀರು ಕಾಣಿಸಿಕೊಂಡಾಗ ಸಭೆಯವರು, "ಇನ್ನು ಆ ಕೆಂಪನ್ನು ನೀಲಿ ಮಾಡಿ" ಅಂದರು. ರೈತನೇ ಒಪ್ಪಲಿಲ್ಲ. "ಆ ಬೋರು ಆಗಲಿಲ್ಲ. ಕೆರೆ ಬೇರೆ ಲೆಕ್ಕ, ಬೇರೆ ಸಾಲಿಗೆ ಬರೀರಿ" ಅಂದ. ನನಗೆ ಬೈಬಲ್ ಶಾಲೆಯಲ್ಲಿ ಯಾರೂ ಕಲಿಸದ ಪಾಠ.

ಮಧ್ಯೆ ಏನೇನೋ ಪ್ರಯೋಗ ಮಾಡಿದೆ. 2020ರ ಲಾಕ್‌ಡೌನ್‌ನಲ್ಲಿ ವಾಟ್ಸಾಪ್ ಗುಂಪಿಗೆ ಧ್ವನಿ ಪ್ರಾರ್ಥನೆ ಕಳಿಸಿದೆ. ಮೂರನೇ ವಾರಕ್ಕೆ ಗುಡ್ ಮಾರ್ನಿಂಗ್ ಹೂವುಗಳೇ ತುಂಬಿಕೊಂಡು ನಾನೇ ಗುಂಪು ಬಿಟ್ಟೆ. ಭಜನೆಯ ಧಾಟಿಗೆ ಎರಡು ಹಾಡು ಕಟ್ಟಿ ತಾಳ, ಕಂಜೀರ ಇಟ್ಟು ಹಾಡಿಸಿದೆ. ಅದು ಚೆನ್ನಾಗಿ ಹತ್ತಿತು, ಕೀಬೋರ್ಡಿನ ಮೇಲೆ ಈಗ ಅಕ್ಕಿ ಮೂಟೆ ಇದೆ. ಇನ್ನೊಂದು, ದುಡ್ಡಿನ ಬದಲು ಪ್ರಥಮ ಫಲವಾಗಿ ಮೊದಲ ಕೊಯ್ಲಿನ ಒಂದು ಬಾಕ್ಸ್ ಟೊಮೆಟೊ ಕೊಡಿ ಅಂದೆ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ನಮಗೆ ಹನ್ನೊಂದು ಬಾಕ್ಸಿಗೆ ಹತ್ತೊಂಬತ್ತು ಸಾವಿರದಷ್ಟು ಸಿಕ್ಕಿತು, ಮಂದಿರದ ಶೀಟು ಬದಲಾಯಿಸಿದೆವು. ಇನ್ನೊಂದು ಸಲ ಹದಿನೈದು ಬಾಕ್ಸಿಗೆ ಆಟೋ ಬಾಡಿಗೆ ಕಳೆದು ಎರಡು ಸಾವಿರವೂ ಉಳಿಯಲಿಲ್ಲ. ಯಾರ ಯಾರ ಮೇಲೆ ರೇಟು ಬಿದ್ದಿತ್ತೋ ಅದು ನಮ್ಮ ಮೇಲೂ ಬಿತ್ತು. ಅದರಲ್ಲೂ ಒಂದು ನ್ಯಾಯ ಇದೆ ಅಂತ ನನಗನ್ನಿಸಿತು, ಕಮಿಟಿಗೆ ಅನ್ನಿಸಲಿಲ್ಲ, ನಿಲ್ಲಿಸಿದೆವು.

ಲೆಕ್ಕ ಕೇಳುವವರಿಗೆ: ಬೆಳಗಿನ ಹೊತ್ತು ಈಗ ದಿನಾ ಇಪ್ಪತ್ತು ಇಪ್ಪತ್ತೈದು ಜನ. ಮಳೆಯಲ್ಲಿ ಹತ್ತು. ಭಾನುವಾರದ ಕಾಣಿಕೆ ಮೊದಲು ಸಾವಿರದ ಇನ್ನೂರರ ಆಸುಪಾಸು, ಈಗ ನಾಲ್ಕು ಸಾವಿರ, ಡೈರಿ ಬಟವಾಡೆ, ಅಂದರೆ ಹಾಲಿನ ದುಡ್ಡು ಕೈಗೆ ಬಂದ ವಾರ, ಆರೂ ಆಗುತ್ತದೆ. ವಿಶೇಷ ಕಾಣಿಕೆ ಏನಿದ್ದರೂ ಬಟವಾಡೆ ನೋಡಿಕೊಂಡೇ ಇಡಿ. ಒಂಬತ್ತು ಪುಸ್ತಕ ಮುಗಿದಿವೆ. ನೀಲಿ ಎಷ್ಟು, ಕೆಂಪು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನಾನು ಕೂಡಿಸಿಲ್ಲ, ಕೂಡಿಸುವುದೂ ಇಲ್ಲ. ಖಾಲಿ ಉಳಿದವೇ ಹೆಚ್ಚು ಅಂತ ಮಾತ್ರ ಹೇಳಬಲ್ಲೆ.

ಓದುವಾಗ ಕೆಂಪು ಸಾಲುಗಳನ್ನು ಯಾವ ಕ್ರಮದಲ್ಲಿ ಓದುತ್ತೇನೆ, ಯಾರ ಸಾಲನ್ನು ಕೊನೆಗೆ ಇಡುತ್ತೇನೆ ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಒಂದು ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತವರಿಗೆ ತಾನಾಗಿ ತಿಳಿಯುತ್ತದೆ.

ಹತ್ತನೇ ಪುಸ್ತಕದ ಮೂರನೇ ಪುಟದಲ್ಲಿ ನನ್ನದೂ ಒಂದು ಸಾಲಿದೆ: ಅಯ್ನೋರು, ಬಲ ಮೊಣಕಾಲು. ಬರೆದದ್ದು ಆ ಫ್ಯಾಟ್ ಚೀಟಿಯ ಅಜ್ಜಿ ಹೇಳಿ, ನನ್ನ ಮಗಳ ಕೈಯಲ್ಲಿ. ಪ್ರತಿ ತಿಂಗಳೂ ಅಜ್ಜಿ ಮುಂದಿನ ಸಾಲಿನಿಂದಲೇ ಕೂಗಿ ಕೇಳುತ್ತಾಳೆ, "ಆಯ್ತಾ?" ಮೂರು ತಿಂಗಳಿಂದ ನಾನು ಇನ್ನೂ ಯಾವ ಬಣ್ಣದ ಪೆನ್ನೂ ತೆಗೆದಿಲ್ಲ.