ಕಮ್ಯುನಿಟಿ ಕಾಲೇಜಿನಿಂದ ಯುಸಿಗೆ: ಲೆಕ್ಕ ಹಿಂದಿನಿಂದ ಹಾಕಿ

ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಕ್ಯುಪರ್ಟಿನೊದ ಡಿ ಆಂಜಾ, ಫ್ರೀಮಾಂಟ್‌ನ ಓಲೋನಿ ಕಾಲೇಜುಗಳ ಹೆಸರು ಬೇ ಏರಿಯಾದ ಕನ್ನಡಿಗರಿಗೆ ಹೊಸದಲ್ಲ. ಆ ರಾಜ್ಯದ ನಿವಾಸಿಗಳಿಗೆ ಇಲ್ಲಿನ ಶುಲ್ಕ ಸೆಮಿಸ್ಟರ್ ಪದ್ಧತಿಯಲ್ಲಿ ಒಂದು ಯೂನಿಟ್‌ಗೆ, ಅಂದರೆ ಕ್ರೆಡಿಟ್‌ಗೆ, 46 ಡಾಲರ್. ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿಗೋ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯುಗೋ ಸೇರಬಹುದು. ಇದಕ್ಕೇ ಟ್ರಾನ್ಸ್‌ಫರ್ ಎನ್ನುವುದು. ನಮ್ಮಲ್ಲಿ ಡಿಪ್ಲೊಮಾದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಹೋಗುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಆದರೆ ಅಲ್ಲಿ ಪ್ರವೇಶ ಪರೀಕ್ಷೆ ಇಲ್ಲ. ಓದಿದ ಕೋರ್ಸು, ಬಂದ ಗ್ರೇಡುಗಳೇ ಮುಖ್ಯ. ಕೊನೆಗೆ ಬ್ಯಾಚುಲರ್ ಪದವಿ ಪ್ರಮಾಣಪತ್ರ ಕೊಡುವುದು ವಿಶ್ವವಿದ್ಯಾಲಯವೇ.

ಮೊದಲು ಮೇಜರ್

ಯಾವ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಯಾವ ಕ್ಯಾಂಪಸ್ ಎಂಬುದು ಮೊದಲ ಟರ್ಮ್‌ನಲ್ಲೇ ಅಂದಾಜಾಗಲಿ. ‘ಸೇರಿದ ಮೇಲೆ ನೋಡೋಣ’ ಎನ್ನುವವರೇ ಎರಡು ವರ್ಷದ ಕೆಲಸಕ್ಕೆ ಮೂರು ವರ್ಷ ತೆಗೆದುಕೊಳ್ಳುವುದು. ಕನಿಷ್ಠ 60 ಸೆಮಿಸ್ಟರ್ ಯೂನಿಟ್ ಬೇಕು. ಡಿ ಆಂಜಾದಂಥ, ಸೆಮಿಸ್ಟರ್‌ಗಿಂತ ಚಿಕ್ಕ ಟರ್ಮ್‌ಗಳಿರುವ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಾದರೆ 90. ಅರವತ್ತು ಮುಗಿದರೂ ಮೇಜರ್ ಕೇಳುವ ಗಣಿತವೋ ಭೌತಶಾಸ್ತ್ರವೋ ಬಾಕಿಯಿದ್ದರೆ ಪ್ರಯೋಜನ ಕಡಿಮೆ.

ಅಸಿಸ್ಟ್ ತೆರೆಯಿರಿ

ಅಸಿಸ್ಟ್ ಡಾಟ್ ಆರ್ಗ್ ಎಂಬ ಅಧಿಕೃತ ಜಾಲತಾಣದಲ್ಲಿ ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಮೇಜರ್ ಮೂರನ್ನೂ ಆರಿಸಿದರೆ ಇಲ್ಲಿನ ಯಾವ ಕೋರ್ಸು ಅಲ್ಲಿನ ಯಾವುದಕ್ಕೆ ಸಮ ಎಂಬ ಪಟ್ಟಿ ಬರುತ್ತದೆ. ಒಂದು ಕ್ಯಾಂಪಸ್ ಒಪ್ಪುವುದನ್ನು ಇನ್ನೊಂದು ಒಪ್ಪದಿರಬಹುದು. ನಾಲ್ಕು ಕಡೆ ಅರ್ಜಿ ಹಾಕುವುದಾದರೆ ನಾಲ್ಕೂ ಪಟ್ಟಿ ನೋಡಿ. ಅದನ್ನು ಹಿಡಿದುಕೊಂಡೇ ಕಾಲೇಜಿನ ಟ್ರಾನ್ಸ್‌ಫರ್ ಸೆಂಟರ್‌ನಲ್ಲಿ ಕೌನ್ಸೆಲರ್‌ರನ್ನು ಕಾಣಿ. ಗೆಳೆಯರ ಸಲಹೆ, ವಾಟ್ಸ್‌ಆ್ಯಪ್ ಗುಂಪಿನ ಸಲಹೆ ಇದಕ್ಕೆ ಬದಲಿಯಲ್ಲ.

ಮೇಜರ್ ಕೋರ್ಸುಗಳ ಜೊತೆಗೆ ಸಾಮಾನ್ಯ ಶಿಕ್ಷಣದ ಕೋರ್ಸುಗಳೂ ಇವೆ. 2025ರಿಂದ ಹೊಸಬರಿಗೆ ಯುಸಿ, ಸಿಎಸ್‌ಯು ಎರಡಕ್ಕೂ ಸಲ್ಲುವ ‘ಕ್ಯಾಲ್-ಗೆಟ್ಸಿ’ ಎಂಬ ಒಂದೇ ಮಾದರಿಯಿದೆ. ಎಂಜಿನಿಯರಿಂಗ್‌ನಂಥ ಮೇಜರ್‌ಗೆ ಹೋಗುವವರು ಇದನ್ನು ಪೂರ್ತಿ ಮುಗಿಸಲು ಹೋಗಿ ಮೇಜರ್ ಕೋರ್ಸು ಹಿಂದೆ ಬಿಡಬಾರದು.

ಖಾತರಿಗಳು

ಯುಸಿಯ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಕ್ಯಾಂಪಸ್‌ಗಳಲ್ಲಿ ‘ಟ್ಯಾಗ್’ ಎಂಬ ಪ್ರವೇಶ ಖಾತರಿಯಿದೆ. ಒಂದೇ ಕ್ಯಾಂಪಸ್‌ಗೆ, ಸೆಪ್ಟೆಂಬರ್ ತಿಂಗಳಲ್ಲಿ ಮಾತ್ರ ಕೋರಬೇಕು. ಎಲ್ಲ ಮೇಜರ್‌ಗೂ ಸಿಗದು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊಗಳಲ್ಲಿ ಇದು ಇಲ್ಲವೇ ಇಲ್ಲ. ಟ್ರಾನ್ಸ್‌ಫರ್‌ಗೆಂದೇ ಕಮ್ಯುನಿಟಿ ಕಾಲೇಜು ಕೊಡುವ ಎರಡು ವರ್ಷದ ಅಸೋಸಿಯೇಟ್ ಪದವಿ, ಎಡಿಟಿ, ಪಡೆದವರಿಗೆ ಸಿಎಸ್‌ಯುನಲ್ಲಿ ಎಲ್ಲಾದರೂ ಒಂದು ಸೀಟು ಖಚಿತ. ‘ಎಲ್ಲಾದರೂ’ ಎಂಬುದನ್ನು ಗಮನಿಸಿ: ಮನೆ ಹತ್ತಿರದ ಸ್ಯಾನ್ ಹೋಸೆ ಸ್ಟೇಟೇ ಸಿಗಬೇಕೆಂದಿಲ್ಲ.

ಅರ್ಜಿ

ಅರ್ಜಿ ಸಲ್ಲಿಕೆ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಕೊನೆಯ ದಿನ ಕೆಲವು ವರ್ಷ ಆಚೀಚೆ ಆಗುವುದುಂಟು. ನಿವಾಸಿಗಳಿಗೆ ಯುಸಿ ಕೇಳುವ ಕನಿಷ್ಠ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 2.4, ಹೊರಗಿನವರಿಗೆ 2.8. ಇಷ್ಟನ್ನೇ ನಂಬಿ ಬರ್ಕ್ಲಿಯ ಕಂಪ್ಯೂಟರ್ ಸೈನ್ಸ್ ಸಿಗುತ್ತದೆಂದು ಕೂರಬೇಡಿ. ಹಿಂದೆ ಓದಿದ ಪ್ರತಿ ಕಾಲೇಜನ್ನೂ, ಫೇಲಾದ ಕೋರ್ಸನ್ನೂ ನಮೂದಿಸಲೇಬೇಕು. ಬೆಂಗಳೂರಿನಲ್ಲಿ ಒಂದು ವರ್ಷ ಬಿಎಸ್ಸಿ ಓದಿ ಬಿಟ್ಟಿದ್ದರೆ ಅದೂ ಇದರಲ್ಲಿ ಬಂತು.

ಅರ್ಜಿ ಹಾಕಿದ ಮೇಲೆ ಮರೆಯುವವರು ಬಹಳ. ಜನವರಿಯಲ್ಲಿ ಯುಸಿಗೆ ಹೊಸ ಗ್ರೇಡುಗಳನ್ನು ತಿಳಿಸಬೇಕು. ವಸಂತ ಟರ್ಮ್‌ನಲ್ಲಿ ಒಂದು ಕೋರ್ಸು ಬಿಟ್ಟರೂ ಹೇಳಬೇಕು. ಹೇಳದಿದ್ದರೆ ಸಿಕ್ಕ ಸೀಟೂ ರದ್ದಾಗಬಹುದು. ಯುಸಿಯಲ್ಲಿ ಸೀಟು ಒಪ್ಪಿಕೊಳ್ಳಲು ಸಾಮಾನ್ಯವಾಗಿ ಜೂನ್ 1, ಅಂತಿಮ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಪಟ್ಟಿ, ತಲುಪಿಸಲು ಜುಲೈ 1 ಗಡುವು.

ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಇನ್ನೊಂದು ಕೆಲಸವಿದೆ. ಯುಸಿ ಒಪ್ಪಿದ ಪತ್ರ ತೋರಿಸಿ, ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ಸೆವಿಸ್ ದಾಖಲೆಯನ್ನು ಹೊಸ ಕ್ಯಾಂಪಸ್‌ಗೆ ವರ್ಗಾಯಿಸುವಂತೆ ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯನ್ನು ಕೇಳಿ. ಅದಾದ ಮೇಲೆಯೇ ಹೊಸ ಐ-20, ಅಂದರೆ ವೀಸಾಕ್ಕೆ ಬೇಕಾದ ಅರ್ಹತಾ ಪತ್ರ, ಬರುವುದು; ಬೇಸಿಗೆ ರಜೆಗೆ ಊರಿಗೆ ಬರುವ ಟಿಕೆಟ್ ಅದನ್ನು ನೋಡಿಕೊಂಡು ಮಾಡಿಸಿ.